ಗಟ್ಟಿಯಾದ ಸೀಲು: ಹಳೆಯ ಗಾಡಿಯ ಮುಂದೆ ಒಂದು ಆತ್ಮಶೋಧನೆ



ಶರಣರು ಅನುಭಾವವನ್ನು ಅರಸಿಕೊಂಡು ಅರಣ್ಯಕ್ಕೆ ಹೋದವರಲ್ಲ. ತಮ್ಮ ಕೈಯಲ್ಲಿದ್ದ ಕಾಯಕದ ಉಪಕರಣದಲ್ಲಿಯೇ ಅದನ್ನು ಕಂಡವರು. ಜೇಡರ ದಾಸಿಮಯ್ಯನವರಿಗೆ ಮಗ್ಗ, ಮಡಿವಾಳ ಮಾಚಿದೇವರಿಗೆ ಬಟ್ಟೆ ಒಗೆಯುವ ಕಲ್ಲು, ಅಂಬಿಗರ ಚೌಡಯ್ಯನವರಿಗೆ ದೋಣಿ, ನುಲಿಯ ಚಂದಯ್ಯನವರಿಗೆ ಹುಲ್ಲಿನ ಹಗ್ಗ ಗುರುವಾಯಿತು. ಆ ಮಹಾನುಭಾವರು ಇಂದಿನ ಕಾಲದಲ್ಲಿ ಜನಿಸಿದ್ದರೆ ಗ್ಯಾರೇಜಿನ ಪಾನಾ, ಪಕ್ಕಡಗಳಲ್ಲಿಯೂ ತತ್ತ್ವವನ್ನು ಕಾಣುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ. ಈ ಮಾತಿಗೆ ನಿದರ್ಶನವಾಗಿ ಸಿದ್ದಾಪುರ ಸೀಮೆಯ ನಿವೃತ್ತ ಶಿಕ್ಷಕರೊಬ್ಬರ ಬಾಳಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಸದ್ಭಕ್ತರ ಅವಗಾಹನೆಗಾಗಿ ಇಲ್ಲಿ ನಿವೇದಿಸಲಾಗಿದೆ.

ಊರವರೆಲ್ಲರೂ ಅವರನ್ನು ಮಾಸ್ತರು ಎಂದೇ ಕರೆಯುತ್ತಾರೆ. ಅವರ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ತಂದೆಯವರ ಕಾಲದ ಒಂದು ಬಜಾಜ್ ಚೇತಕ್ ಸ್ಕೂಟರ್ ಇತ್ತು. 1972ರಲ್ಲಿ ಬಂದ ಈ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟಿದ್ದರು. ಆ ಕಾಲದಲ್ಲಿ ಹಣ ಕಟ್ಟಿ, ಹೆಸರು ನೋಂದಾಯಿಸಿ, ಸರದಿ ಬರುವ ತನಕ ವರ್ಷಗಟ್ಟಲೆ ಕಾಯಬೇಕಾಗಿತ್ತು. 2000ದ ದಶಕದ ಮಧ್ಯಭಾಗದಲ್ಲಿ ಅದರ ತಯಾರಿಕೆ ನಿಂತುಹೋಯಿತು. 2020ರಲ್ಲಿ ಅದೇ ಹೆಸರಿನಲ್ಲಿ ವಿದ್ಯುತ್ ಸ್ಕೂಟರ್ ಬಂದಿತು. ಎಂಬತ್ತರ ದಶಕದಲ್ಲಿ ಮಾಸ್ತರರ ತಂದೆಯವರು ಹೀಗೆ ಕಾದು ತಂದ ಗಾಡಿಯ ಮೇಲೆ ಮಕ್ಕಳಿಬ್ಬರೂ ಬೆಳೆದರು. ಚಿಕ್ಕವನು ಮುಂದೆ ನಿಂತುಕೊಂಡು, ದೊಡ್ಡವನು ಹಿಂದೆ ಕುಳಿತುಕೊಂಡು ಸಿರಸಿಯ ಮಾರಿಕಾಂಬಾ ಜಾತ್ರೆಗೆ ಹೋದದ್ದು ಈ ಗಾಡಿಯ ಮೇಲೆಯೇ.

ತಂದೆಯವರು ಲಿಂಗೈಕ್ಯರಾದ ಬಳಿಕ ಮನೆ ಪಾಲಾಯಿತು. ಅಡಿಕೆ ತೋಟದ ಅಂಚಿನ ಒಂದು ತುಂಡು ಭೂಮಿಯ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಮಾತು ಬೆಳೆಯಿತು. ಅಲ್ಲಿಯವರೆಗೆ ಗಾಡಿಯನ್ನು ಓಡಿಸುತ್ತಿದ್ದವನು ತಮ್ಮ. ಅದು ಹಿರಿಯ ಮಗನಿಗೆ ಸಲ್ಲತಕ್ಕದ್ದೆಂದು ಹಟಹಿಡಿದು ಮಾಸ್ತರರು ಅದನ್ನು ತಮ್ಮ ಪಾಲಿಗೆ ತೆಗೆದುಕೊಂಡರು. ತಮ್ಮ ಹೆಂಡತಿ ಮಕ್ಕಳೊಂದಿಗೆ ಯಲ್ಲಾಪುರಕ್ಕೆ ಹೋಗಿ ನೆಲೆಸಿದ. ಮಾಸ್ತರರು ಗಾಡಿಯನ್ನು ಒಂದೆರಡು ಬಾರಿ ಹತ್ತಿ, ಆಮೇಲೆ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ಹಳೆಯ ಕಂಬಳಿ ಹೊದಿಸಿದರು. ಹೀಗೆ ಒಂಬತ್ತು ಮಳೆಗಾಲಗಳು ಕಳೆದವು. ಯಾರಾದರೂ ಗಾಡಿಯ ಸುದ್ದಿ ಎತ್ತಿದರೆ ಅವರದು ಒಂದೇ ಉತ್ತರ: "ತಮ್ಮ ಅದನ್ನು ಹೊಡೆದು ಹೊಡೆದು ಕೆಡಿಸಿಟ್ಟಿದ್ದಾನೆ." ಈ ಮಾತನ್ನು ಅವರು ಎಷ್ಟು ಬಾರಿ ಆಡಿದ್ದರೆಂದರೆ, ಅದು ಅವರಿಗೆ ಮಾತಾಗಿ ಉಳಿಯದೆ ಸತ್ಯವೇ ಆಗಿಹೋಗಿತ್ತು.

ನಿವೃತ್ತಿಯ ನಂತರ ಅವರ ಮನಸ್ಸಿನಲ್ಲಿ ಒಂದು ಸಂಕಲ್ಪ ಮೂಡಿತು. ತಂದೆಯವರು ಮಾಘಮಾಸದ ಉಳವಿ ಜಾತ್ರೆಗೆ ತಪ್ಪದೆ ಹೋಗುತ್ತಿದ್ದವರು. ಅವರದೇ ಗಾಡಿಯ ಮೇಲೆ ಒಮ್ಮೆ ಚೆನ್ನಬಸವಣ್ಣನವರ ಸನ್ನಿಧಿಗೆ ಹೋಗಿಬರಬೇಕೆಂಬುದು ಆ ಸಂಕಲ್ಪ. ಕಂಬಳಿ ತೆಗೆದರು, ಟ್ಯಾಂಕ್ ತೊಳೆಸಿದರು, ಹೊಸ ಟಯರು ಹಾಕಿಸಿದರು. ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಹತ್ತಾರು ಸಲ ಕಿಕ್ ಹೊಡೆದ ಮೇಲೆ ಅದು ಎದ್ದುಕೊಂಡಿತು. ಆದರೆ ಎದ್ದ ಗಾಡಿ ಶಾಂತವಾಗಲಿಲ್ಲ. ಆಕ್ಸಿಲೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಕಿರುಚುತ್ತ ತಾನೇ ತಾನಾಗಿ ರೇಸ್ ಆಗುತ್ತಿತ್ತು. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಕಾದು ಶಕ್ತಿಗುಂದುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗೆ.

ಹತ್ತಿರದ ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರನ್ನು ಮೂರು ಬಾರಿ ಬಿಚ್ಚಿ ತೊಳೆದರು. ಸ್ಲೋ ಸ್ಕ್ರೂವನ್ನು ಕೊನೆಯವರೆಗೆ ಸಡಿಲಿಸಿದರು. ಗುಣ ಕಾಣಲಿಲ್ಲ. ಮಾಸ್ತರರು ಮೊದಲು ಪೆಟ್ರೋಲನ್ನು ದೂರಿದರು, ಆಮೇಲೆ ಗ್ಯಾರೇಜಿನವರನ್ನು ದೂರಿದರು, ಕಡೆಗೆ ಎಂದಿನಂತೆ ತಮ್ಮನನ್ನು ದೂರಿದರು. ದೂರುವುದಕ್ಕೆ ಯಾರೂ ಉಳಿಯದಿದ್ದಾಗ ಗಾಡಿಯನ್ನು ಒಂದು ಸಣ್ಣ ಲಾರಿಯಲ್ಲಿ ಹೇರಿಕೊಂಡು ಸುಮಾರು 36 ಕಿಲೋಮೀಟರ್ ದೂರದ ಸಿರಸಿಗೆ ಬಂದರು. ಅಲ್ಲಿ ಹಳೆಯ ಟೂ ಸ್ಟ್ರೋಕ್ ಗಾಡಿಗಳನ್ನು ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಅವರು ಲಿಂಗಧಾರಿಗಳಲ್ಲ, ಬೇರೊಂದು ಮತದವರು. ವಚನಗಳನ್ನು ಓದಿದವರೂ ಅಲ್ಲ. ಆದರೆ ಕಾಯಕವು ಯಾರ ಕೈಯಲ್ಲಿ ಶುದ್ಧವಾಗಿರುತ್ತದೆಯೋ ಅವರ ಬಾಯಲ್ಲಿ ಶರಣರ ಮಾತು ತಾನಾಗಿಯೇ ಬರುತ್ತದೆಂಬುದಕ್ಕೆ ಮುಂದಿನ ಸಂಗತಿಯೇ ಸಾಕ್ಷಿ.

ಮೇಸ್ತ್ರಿ ಕಾರ್ಬೊರೇಟರನ್ನು ಮುಟ್ಟಲಿಲ್ಲ. ಗಾಡಿಯನ್ನು ಶುರು ಮಾಡಿ, ಕಣ್ಣುಮುಚ್ಚಿ, ಒಂದು ನಿಮಿಷ ಸದ್ದನ್ನು ಆಲಿಸಿದರು. ಮೊದಲು ಗೇರ್ ಆಯಿಲಿನ ಮಟ್ಟ ನೋಡಿದರು. ಅದು ಸರಿಯಾಗಿತ್ತು, ಪೆಟ್ರೋಲಿನ ವಾಸನೆಯೂ ಇರಲಿಲ್ಲ. ಬಳಿಕ ಎದ್ದು ಹೇಳಿದರು: "ಮಾಸ್ತರೇ, ಇದು ಕೊಡುವ ಪೆಟ್ರೋಲಿನ ತೊಂದರೆಯಲ್ಲ. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕಿನ ಆಯಿಲ್ ಸೀಲು ಹೋಗಿರಬೇಕು."

ಈ ಮಾತಿನ ಅರ್ಥವನ್ನು ತಿಳಿಯುವುದಕ್ಕೆ ಟೂ ಸ್ಟ್ರೋಕ್ ಇಂಜಿನಿನ ಮರ್ಮವನ್ನು ಸ್ವಲ್ಪ ಅರಿಯಬೇಕಾಗುತ್ತದೆ. ಇಂತಹ ಇಂಜಿನಿನಲ್ಲಿ ಕ್ರ್ಯಾಂಕ್ ತಿರುಗುವ ಕೋಣೆಯೇ ಉಸಿರಾಟದ ಕೋಣೆಯೂ ಹೌದು. ಪಿಸ್ಟನ್ ಮೇಲಕ್ಕೆ ಹೋದಾಗ ಆ ಕೋಣೆಯು ಕಾರ್ಬೊರೇಟರಿನಿಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಕೆಳಕ್ಕೆ ಬಂದಾಗ ಅದನ್ನು ಒತ್ತಿ ಮೇಲಿನ ಸಿಲಿಂಡರಿಗೆ ಕಳುಹಿಸುತ್ತದೆ. ಪೆಟ್ರೋಲಿನಲ್ಲಿ ಲೀಟರಿಗೆ 20 ಮಿಲಿಲೀಟರಿನಂತೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಜಿಡ್ಡು. ಬೇರೆ ಜಿಡ್ಡಿನ ಏರ್ಪಾಡು ಅವುಗಳಿಗಿಲ್ಲ. ಆದುದರಿಂದ ಆ ಕೋಣೆಗೆ ಕಾರ್ಬೊರೇಟರಿನ ಬಾಗಿಲೊಂದನ್ನು ಬಿಟ್ಟರೆ ಹೊರಗಿನಿಂದ ಗಾಳಿ ಬರುವ ಬೇರೆ ಸಂದು ಇರಕೂಡದು. ಆದರೆ ಕ್ರ್ಯಾಂಕಿನ ಎರಡು ತುದಿಗಳು ಹೊರಗೆ ಬರಲೇಬೇಕು. ಒಂದು ತುದಿಗೆ ಕ್ಲಚ್ಚು, ಇನ್ನೊಂದು ತುದಿಗೆ ಮ್ಯಾಗ್ನೆಟ್. ತಿರುಗುವ ಕಂಬಿಯನ್ನು ತಡೆಯದೆ, ಗಾಳಿಯನ್ನು ಮಾತ್ರ ತಡೆಯುವುದಕ್ಕೆ ಎರಡು ಕಡೆಯೂ ರಬ್ಬರಿನ ಸೀಲುಗಳಿರುತ್ತವೆ. ಆ ಸೀಲಿನ ಒಳತುಟಿಯು ಕೂದಲಿನಷ್ಟೂ ಸಂದು ಬಿಡದಂತೆ ಕಂಬಿಯನ್ನು ಅಪ್ಪಿಕೊಂಡಿರುತ್ತದೆ. ಅಪ್ಪುಗೆ ಸಡಿಲಾಗದಂತೆ ಅದರ ಹಿಂದೆ ಒಂದು ಸಣ್ಣ ಸುರುಳಿ ಸ್ಪ್ರಿಂಗ್.

ಕ್ಲಚ್ಚಿನ ಕಡೆಯ ಸೀಲು ಹೋದರೆ ಗೇರ್ ಆಯಿಲು ಒಳಗೆ ಸೇರಿ ಉರಿದು, ಗಾಡಿ ದಟ್ಟವಾದ ಹೊಗೆ ಬಿಡುತ್ತದೆ. ಮ್ಯಾಗ್ನೆಟ್ ಕಡೆಯ ಸೀಲು ಹೋದರೆ ಹೊಗೆ ಬರುವುದಿಲ್ಲ. ಬರಿಯ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಇಂಜಿನ್ ವೇಗವಾಗಿ ತಿರುಗುತ್ತದೆ, ಜಿಡ್ಡು ಸಾಲದೆ ಕಾಯುತ್ತದೆ. ಹಾಗೆಯೇ ಓಡಿಸಿದರೆ ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಮೇಸ್ತ್ರಿ ಹೇಳಿದರು: "ಹೊಗೆ ಬಿಡುವ ಗಾಡಿಯ ರೋಗ ಊರಿಗೆಲ್ಲ ಕಾಣುತ್ತದೆ ಮಾಸ್ತರೇ, ಬೇಗ ತರುತ್ತಾರೆ. ಗಾಳಿ ಎಳೆಯುವ ಗಾಡಿ ಜೋರಾಗಿ ಓಡುತ್ತಿದೆಯೆಂದು ಖುಷಿಪಡುತ್ತಾರೆ. ಸುಟ್ಟ ಮೇಲೆ ತರುತ್ತಾರೆ."

ಮೇಸ್ತ್ರಿ ಕೆಲಸಕ್ಕೆ ಕುಳಿತರು. ಪಕ್ಕದ ಡೂಮ್ ಇಳಿಸಿ, ಫ್ಯಾನಿನ ಮುಚ್ಚಳ ತೆಗೆದು, ಮ್ಯಾಗ್ನೆಟ್ಟಿನ ದೊಡ್ಡ ನಟ್ಟನ್ನು ಸಡಿಲಿಸಿ ಅದನ್ನು ಹೊರಕ್ಕೆಳೆದರು. ಕಂಬಿಯ ಮೇಲಿನ ಅರ್ಧಚಂದ್ರಾಕಾರದ ಕೀಲಿಯನ್ನು ಜೋಪಾನವಾಗಿ ಒಂದು ಬಟ್ಟಲಲ್ಲಿಟ್ಟರು. ಒಳಗಿನ ಕಾಯಿಲ್ ಪ್ಲೇಟನ್ನು ಬಿಚ್ಚುವ ಮೊದಲು ಅದು ಕುಳಿತಿದ್ದ ಜಾಗದಲ್ಲಿ ಉಳಿಯಿಂದ ಒಂದು ಗೆರೆ ಎಳೆದರು. ಗೆರೆ ತಪ್ಪಿದರೆ ಕಿಡಿ ಹಾರುವ ವೇಳೆಯೂ ತಪ್ಪುತ್ತದೆ. ಪ್ಲೇಟಿನ ಹಿಂಬದಿಯೆಲ್ಲ ಕಪ್ಪು ಜಿಡ್ಡು. ಒಳಗೆ ಸೆಳೆಯುವಾಗ ಗಾಳಿ ಹೋಗಿದೆ, ಹೊರಗೆ ಒತ್ತುವಾಗ ಆಯಿಲು ಮಿಶ್ರಿತ ಪೆಟ್ರೋಲು ಸೋರಿದೆ. ರೋಗ ನಿಶ್ಚಯವಾಯಿತು.

ಆಗ ಮಾಸ್ತರರು ತಡೆಯಲಾರದೆ ಎಂದಿನ ಮಾತನ್ನೇ ಆಡಿದರು: "ನಮ್ಮ ತಮ್ಮ ಬೇಕಾಬಿಟ್ಟಿ ಓಡಿಸಿ ಸವೆಸಿದ್ದಾನೆ, ಅದರ ಫಲ ಇದು."

ಮೇಸ್ತ್ರಿ ಉತ್ತರ ಕೊಡಲಿಲ್ಲ. ತುದಿ ಬಾಗಿಸಿದ ಸ್ಕ್ರೂಡ್ರೈವರಿನಿಂದ, ಕಂಬಿಗೂ ಸೀಲಿನ ಮನೆಗೂ ಗೀರು ಬೀಳದಂತೆ ಹಳೆಯ ಸೀಲನ್ನು ಎಬ್ಬಿಸಿ ತೆಗೆದು ಮಾಸ್ತರರ ಅಂಗೈ ಮೇಲೆ ಇಟ್ಟರು. ಅದು ಒಣಗಿದ ಅಡಿಕೆ ಸಿಪ್ಪೆಯಂತೆ ಗಟ್ಟಿಯಾಗಿತ್ತು. ಬೆರಳಿನಿಂದ ಮಡಚಿದರೆ ತುಟಿ ಬಿರಿಯಿತು. ಸ್ಪ್ರಿಂಗ್ ತುಕ್ಕು ಹಿಡಿದಿತ್ತು. ಕಂಬಿಯ ಮೇಲೆ, ಸೀಲಿನ ತುಟಿ ತಾಗಿದ್ದಲ್ಲಿ, ಕೆಂಪು ತುಕ್ಕಿನ ಒಂದು ಬಳೆ.

"ಓಡಿ ಸವೆದ ಸೀಲು ಹೀಗಿರುವುದಿಲ್ಲ ಮಾಸ್ತರೇ," ಎಂದರು ಮೇಸ್ತ್ರಿ. "ಓಡಿ ಸವೆದದ್ದರ ತುಟಿ ನುಣ್ಣಗೆ, ತೆಳ್ಳಗೆ ಆಗಿರುತ್ತದೆ, ರಬ್ಬರು ಮೆತ್ತಗೇ ಇರುತ್ತದೆ. ಕಂಬಿಯೂ ಹೊಳೆಯುತ್ತಿರುತ್ತದೆ. ಇದು ನಿಂತು ಕೆಟ್ಟದ್ದು. ಜಿಡ್ಡು ತಾಗದೆ ರಬ್ಬರು ಒಣಗಿದೆ, ಮಳೆಗಾಲದ ತೇವಕ್ಕೆ ಕಂಬಿ ತುಕ್ಕು ಹಿಡಿದು ತುಟಿ ಅದಕ್ಕೆ ಅಂಟಿಕೊಂಡಿದೆ. ಈಗ ನೀವು ಕಿಕ್ ಹೊಡೆದಾಗ ಹರಿದಿದೆ. ನಿಮ್ಮ ತಮ್ಮ ಓಡಿಸುತ್ತಲೇ ಇದ್ದಿದ್ದರೆ ಇದು ಹೀಗಾಗುತ್ತಿರಲಿಲ್ಲ."

ಮಾಸ್ತರರು ಅಂಗೈ ಮೇಲಿನ ಆ ಸಣ್ಣ ಕಪ್ಪು ಬಳೆಯನ್ನು ನೋಡುತ್ತ ಕುಳಿತರು. ಅವರು ಮೂರು ದಶಕಗಳ ಕಾಲ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಿದವರು. ತಮ್ಮದೇ ಒಂದು ಉತ್ತರ ಒಂಬತ್ತು ವರ್ಷಗಳಿಂದ ತಪ್ಪಾಗಿತ್ತೆಂಬುದು ಅಂದು ಆ ಗ್ಯಾರೇಜಿನ ಮರದ ಪೆಟ್ಟಿಗೆಯ ಮೇಲೆ ಕುಳಿತಾಗ ಅವರಿಗೆ ಗೊತ್ತಾಯಿತು. ಗಾಡಿಯನ್ನು ಕೆಡಿಸಿದ್ದು ತಮ್ಮನ ಓಡಾಟವಲ್ಲ, ತಮ್ಮ ಹಟ. ಬೇಕೆಂದು ಪಡೆದು, ಬಳಸದೆ ನಿಲ್ಲಿಸಿದ ಹಟ.

ಇಲ್ಲಿ ಸದ್ಭಕ್ತರು ಒಂದು ಕ್ಷಣ ನಿಂತು ಚಿಂತಿಸಬೇಕು. ಧರ್ಮಗುರು ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಕಳವು, ಕೊಲೆ, ಸುಳ್ಳು, ಕೋಪ, ಅನ್ಯರ ಬಗೆಗಿನ ಅಸಹ್ಯ, ಆತ್ಮಸ್ತುತಿ, ಪರನಿಂದೆ ಎಂಬ ಏಳನ್ನು ಬಿಡಬೇಕೆಂದು ಬೋಧಿಸಿ, ಅಂತರಂಗದ ಶುದ್ಧಿಯೂ ಬಹಿರಂಗದ ಶುದ್ಧಿಯೂ ಇದರಲ್ಲಿಯೇ ಇದೆಯೆಂದು ಸಾರಿದರು. ಈ ಏಳರಲ್ಲಿ ಕಳವು, ಕೊಲೆ ಮೊದಲಾದವು ಹೊಗೆ ಬಿಡುವ ದೋಷಗಳು. ಅವು ಲೋಕಕ್ಕೆ ಕಾಣುತ್ತವೆ, ಲೋಕವೇ ದಂಡಿಸುತ್ತದೆ. ಪರನಿಂದೆಯಾದರೋ ಕಳ್ಳಗಾಳಿ. ಅದು ಒಳಗೆ ನುಗ್ಗಿದಾಗ ಮನಸ್ಸಿಗೆ ವೇಗ ಬಂದಂತೆ, ಹುರುಪು ಬಂದಂತೆ ತೋರುತ್ತದೆ. ನಿಂದಿಸುವವನಿಗೆ ತಾನು ನ್ಯಾಯದ ಪಕ್ಷದಲ್ಲಿದ್ದೇನೆಂಬ ಸುಖವಿರುತ್ತದೆ. ಆದರೆ ಸ್ನೇಹವೆಂಬ ಜಿಡ್ಡು ತೆಳುವಾಗುತ್ತ ಬಂದು ಒಳಗೆಲ್ಲ ಕಾಯುತ್ತದೆ. ಸ್ನೇಹ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಪ್ರೀತಿ ಎಂಬ ಅರ್ಥವೂ ಇದೆ, ಎಣ್ಣೆ ಎಂಬ ಅರ್ಥವೂ ಇದೆ ಎಂಬುದು ಇಲ್ಲಿ ಸ್ಮರಣೀಯ.

ಲೋಕವನ್ನು ತಿದ್ದಹೊರಡುವ ಮೊದಲು ತನ್ನ ತನುಮನಗಳನ್ನು ತಿದ್ದಿಕೊಳ್ಳಬೇಕೆಂಬುದು ಬಸವಣ್ಣನವರ ಇನ್ನೊಂದು ಉಪದೇಶ. ಮಾಸ್ತರರು ಈ ವಚನವನ್ನು ಶಾಲೆಯಲ್ಲಿ ವರ್ಷವರ್ಷವೂ ಪಾಠ ಮಾಡಿದವರು, ಮಕ್ಕಳಿಂದ ಬಾಯಿಪಾಠ ಮಾಡಿಸಿದವರು. ಬಾಯಿಪಾಠವಾದ ವಚನವೂ ನಿಲ್ಲಿಸಿಟ್ಟ ಗಾಡಿಯಂತೆಯೇ. ಆಚರಣೆಯಲ್ಲಿ ತಿರುಗದಿದ್ದರೆ ಅದೂ ಒಣಗಿ ಗಟ್ಟಿಯಾಗುತ್ತದೆ. ಬಾಂಧವ್ಯದ ವಿಷಯವೂ ಹೀಗೆಯೇ. ದಿನದಿನದ ಒರಸಾಟದಿಂದ ಸಂಬಂಧಗಳು ಸವೆಯುತ್ತವೆಯೆಂದು ಜನರು ಅಂಜುತ್ತಾರೆ. ಆದರೆ ಹೋಗಿಬರುವಿಕೆ ನಿಂತಾಗ ಅವು ಅದಕ್ಕಿಂತ ಬೇಗ ಕೆಡುತ್ತವೆ.

ಮೇಸ್ತ್ರಿಯ ಕೆಲಸ ಮುಂದುವರಿಯಿತು. ಅವರು ಕ್ರ್ಯಾಂಕಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿದರು. ಬೇರಿಂಗ್ ಸವೆದು ಕಂಬಿ ಓಲಾಡುತ್ತಿದ್ದರೆ ಹೊಸ ಸೀಲು ಹಾಕಿದರೂ ಕೆಲವೇ ದಿನಗಳಲ್ಲಿ ಅದು ಹಾಳಾಗುತ್ತದೆ. ಬೇರಿಂಗ್ ಗಟ್ಟಿಯಾಗಿತ್ತು. ಝೀರೋ ಪಾಲಿಶ್ ಕಾಗದದಿಂದ ಕಂಬಿಯ ತುಕ್ಕನ್ನು ನಿಧಾನವಾಗಿ ಉಜ್ಜಿದರು. ಗುಂಡಿ ಬಿದ್ದಿಲ್ಲವೆಂದು ಉಗುರಿನಿಂದ ಸವರಿ ಖಚಿತ ಮಾಡಿಕೊಂಡರು. ಒಂದು ಚೂರು ಪುಡಿಯೂ ಒಳಗೆ ಹೋಗದಂತೆ ಬಟ್ಟೆಯಿಂದ ಒರೆಸಿದರು. ಹೊಸ ಸೀಲಿನ ತುಟಿಗೆ ತೆಳುವಾಗಿ ಗ್ರೀಸ್ ಹಚ್ಚಿದರು; ಒಣ ಸೀಲನ್ನು ಹಾಕಿದರೆ ಮೊದಲ ಸುತ್ತಿನಲ್ಲಿಯೇ ಅದರ ತುಟಿ ಸುಡುತ್ತದೆ. ಕಂಬಿಯ ಕೀಲಿಯ ಸೀಳು ತುಟಿಯನ್ನು ಕೊಯ್ಯದಂತೆ ಅದರ ಮೇಲೆ ಟೇಪು ಸುತ್ತಿದರು. ಸ್ಪ್ರಿಂಗ್ ಇರುವ ಮುಖವನ್ನು ಒಳಗೆ ಮಾಡಿ, ಸೀಲಿನ ಅಳತೆಯದೇ ಒಂದು ಪೈಪಿನ ತುಂಡನ್ನು ಅದರ ಮೇಲಿಟ್ಟು, ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ ಕೂರಿಸಿದರು. ಬಳಿಕ ಟೇಪನ್ನು ಬಿಚ್ಚಿ, ಕಾಯಿಲ್ ಪ್ಲೇಟನ್ನು ಗೆರೆಗೆ ಗೆರೆ ಸೇರಿಸಿ ಕಟ್ಟಿ, ಕೀಲಿಯಿಟ್ಟು ಮ್ಯಾಗ್ನೆಟ್ ಏರಿಸಿದರು. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಸ್ಲೋ ಸ್ಕ್ರೂವನ್ನು ಸ್ವಲ್ಪ ಸರಿಪಡಿಸಿದ ಮೇಲೆ ಕಿರುಚಾಟವಿಲ್ಲದೆ, ನಿದ್ರಿಸುವ ಮಗುವಿನ ಉಸಿರಿನಂತೆ ಒಂದೇ ಲಯದಲ್ಲಿ ನಿಂತಿತು.

ಹಣ ಕೊಡುವಾಗ ಮಾಸ್ತರರು ಸಂತೋಷದಿಂದ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರು. ಮೇಸ್ತ್ರಿ ಎಣಿಸಿ ನೋಡಿ, ಹೆಚ್ಚಿದ್ದುದನ್ನು ಹಿಂದಕ್ಕೆ ಕೊಟ್ಟರು. "ಬೇರಿಂಗ್ ಹಾಕಿಲ್ಲ, ಇಂಜಿನ್ ಇಳಿಸಿಲ್ಲ. ಮಾಡದ ಕೆಲಸದ ದುಡ್ಡು ಬೇಡ ಮಾಸ್ತರೇ" ಎಂದರು. ಶರಣಬಾಂಧವರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗದೆ ಇರದು. ಪತಿಯಾದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದು ಆಸೆಯ ಗುರುತೆಂದು ಎಚ್ಚರಿಸಿ, ಅದನ್ನು ಇದ್ದಲ್ಲಿಗೇ ಸುರಿದುಬರುವಂತೆ ಕಳುಹಿಸಿದ ಮಹಾತಾಯಿ ಅವರು. ಎಂಟು ಶತಮಾನಗಳ ಬಳಿಕ, ಆ ಕಥೆಯನ್ನೇ ಕೇಳದ ಒಬ್ಬ ಕಾಯಕಜೀವಿ ಅದನ್ನೇ ಆಚರಿಸಿದನು. ತೋಟದ ಅಂಚಿನ ತುಂಡು ಭೂಮಿಗಾಗಿ ತಮ್ಮನನ್ನು ದೂರಮಾಡಿಕೊಂಡಿದ್ದ ಮಾಸ್ತರರಿಗೆ ಆ ಹಿಂದಿರುಗಿ ಬಂದ ನೋಟುಗಳು ಕೈಯಲ್ಲಿ ಭಾರವಾದವು.

ಹೊರಡುವಾಗ ಮೇಸ್ತ್ರಿ ಒಂದು ಸೂಚನೆ ಕೊಟ್ಟರು: "ಐವತ್ತು ಕಿಲೋಮೀಟರ್ ಓಡಿದ ಮೇಲೆ ಮ್ಯಾಗ್ನೆಟ್ಟಿನ ನಟ್ಟನ್ನು ಒಮ್ಮೆ ಬಿಗಿ ನೋಡಿಸಿ." ಸಿರಸಿಯಿಂದ ಯಲ್ಲಾಪುರಕ್ಕೆ ಸುಮಾರು ಐವತ್ತು ಕಿಲೋಮೀಟರ್. ಮಾಸ್ತರರು ಮನೆಯ ದಾರಿ ಹಿಡಿಯಲಿಲ್ಲ. ಶಾಲ್ಮಲೆಯ ಬಂಡೆಗಳ ಮೇಲೆ ಸಾಲುಸಾಲಾಗಿ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗಕ್ಕೆ ತಿರುಗುವ ದಾರಿಯನ್ನು ದಾಟಿ, ಅಡಿಕೆ ತೋಟಗಳ ಮತ್ತು ಕಾಡಿನ ನಡುವೆ ಯಲ್ಲಾಪುರದ ಕಡೆಗೆ ಸಾಗಿದರು.

ಉಳವಿಯ ಚೆನ್ನಬಸವಣ್ಣನವರ ಬಳಿಗೆ ಹೋಗುವ ಮೊದಲು ತಮ್ಮನ ಬಾಗಿಲಿಗೆ ಹೋಗುವುದು ಅವರಿಗೆ ಅನಿವಾರ್ಯವೆಂದು ತೋರಿತು. ಅದಕ್ಕೆ ಕಾರಣವಿದೆ. ಚೆನ್ನಬಸವಣ್ಣನವರು ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಮಗ, ವಯಸ್ಸಿನಲ್ಲಿ ಕಿರಿಯರು. ಆದರೂ ಸೋದರಮಾವನಾದ ಬಸವಣ್ಣನವರು ಷಟ್‌ಸ್ಥಲ ಜ್ಞಾನದಲ್ಲಿ ಅವರನ್ನು ಹಿರಿಯರೆಂದು ಗೌರವಿಸಿದರು. ಕಲ್ಯಾಣದ ವಿಪ್ಲವದ ನಂತರ ಶರಣರ ಗಣವೊಂದನ್ನು ಕಾಪಾಡಿಕೊಂಡು ಈ ಕಾಡಿನ ನಾಡಿಗೆ ಬಂದು, ಉಳವಿಯಲ್ಲಿ ಐಕ್ಯರಾದವರು ಆ ಕಿರಿಯರೇ ಎಂದು ಪರಂಪರೆ ಹೇಳುತ್ತದೆ. ಹಿರಿತನವನ್ನು ವಯಸ್ಸಿನಿಂದ ಅಳೆಯದವರ ಸನ್ನಿಧಿಗೆ, ಹಿರಿಯನೆಂಬ ಹಟದಿಂದ ಪಡೆದ ಗಾಡಿಯ ಮೇಲೆ ಹೋಗುವುದು ಹೇಗೆ? ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ. ಶಿವಭಕ್ತರೇ ಹಿರಿಯರು, ತಾನೇ ಕಿರಿಯನು ಎಂದು ನಡೆಯುವುದೇ ಅದರ ಸಾರ. ಅದು ಮಠದಲ್ಲಿ ಗುರುಗಳ ಮುಂದೆ ಸುಲಭ; ಒಡಹುಟ್ಟಿದವರ ಮುಂದೆ ಬಹಳ ಕಷ್ಟ.

ಗಾಡಿ ಅಂಗಳದಲ್ಲಿ ನಿಂತಾಗ ತಮ್ಮ ಆಗಲೇ ಹೊಸ್ತಿಲಿನ ಹೊರಗೆ ಬಂದು ನಿಂತಿದ್ದ. "ಅಣ್ಣಾ, ತಿರುವಿನಲ್ಲಿಯೇ ಸದ್ದು ಗೊತ್ತಾಯಿತು. ಅಪ್ಪನ ಗಾಡಿ" ಎಂದ. ಮಾಸ್ತರರು ಜೇಬಿನಿಂದ ಹಳೆಯ ಸೀಲನ್ನು ತೆಗೆದು ಅವನ ಕೈಗೆ ಕೊಟ್ಟರು. "ಇದನ್ನು ಕೆಡಿಸಿದ್ದು ನೀನೆಂದು ಇಷ್ಟು ವರ್ಷ ಊರಿಗೆಲ್ಲ ಹೇಳಿದೆ. ಕೆಡಿಸಿದವನು ನಾನು, ತಮ್ಮಾ. ನಿಲ್ಲಿಸಿ ಕೆಡಿಸಿದೆ" ಎಂದರು. ತಮ್ಮ ಏನನ್ನೂ ಹೇಳಲಿಲ್ಲ. ಸೀಲನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದ. ಒಳಗೆ ಹೋಗಿ ಪಾನಾ ತಂದು, "ನಟ್ಟು ಬಿಗಿ ನೋಡಿದ್ದೀಯಾ ಅಣ್ಣಾ?" ಎಂದು ಕೇಳುತ್ತ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಮೇಸ್ತ್ರಿ ಹೇಳಿದ್ದ ಕೆಲಸ ಅವನ ಕೈಯಿಂದಲೇ ಆಯಿತು.

ಮರುದಿನ ಬೆಳಗ್ಗೆ ಇಷ್ಟಲಿಂಗಪೂಜೆ ಮುಗಿಸಿಕೊಂಡು ಅಣ್ಣತಮ್ಮಂದಿರಿಬ್ಬರೂ ಅದೇ ಗಾಡಿಯ ಮೇಲೆ ದಾಂಡೇಲಿ, ಜೋಯಿಡಾ ದಾರಿಯಾಗಿ ಉಳವಿಗೆ ಹೋದರು. ಓಡಿಸಿದವನು ತಮ್ಮ, ಹಿರಿಯರು ಬಾಲ್ಯದಲ್ಲಿ ಕುಳಿತ ಹಿಂದಿನ ಸೀಟಿನಲ್ಲಿಯೇ ಕುಳಿತರು. ತೋಟದ ಅಂಚಿನ ಭೂಮಿಯ ವಿಚಾರ ಅಂದು ತೀರ್ಮಾನವಾಗಲಿಲ್ಲ. ಅದಕ್ಕೆ ಇನ್ನೂ ಹಲವು ಮಾತುಗಳು ಆಗಬೇಕಾಗಿವೆ. ಆದರೆ ಮಾತನಾಡುವ ದಾರಿ ತೆರೆಯಿತು.

ಮಾಸ್ತರರು ಆ ಹಳೆಯ ಸೀಲನ್ನು ಎಸೆಯಲಿಲ್ಲ. ಪೂಜೆಯ ಕೋಣೆಯ ಗೂಡಿನಲ್ಲಿ, ವಚನಗಳ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಯಾರನ್ನಾದರೂ ದೂರಬೇಕೆಂದು ಮನಸ್ಸು ರೇಸ್ ಆಗತೊಡಗಿದಾಗ ಅದನ್ನು ಕೈಗೆತ್ತಿಕೊಂಡು ನೋಡುತ್ತಾರೆ. ಗಾಡಿಯನ್ನು ವಾರಕ್ಕೊಮ್ಮೆಯಾದರೂ ತಪ್ಪದೆ ಓಡಿಸುತ್ತಾರೆ. ತಿಂಗಳಿಗೊಮ್ಮೆ ಅದು ಯಲ್ಲಾಪುರದ ದಾರಿಯಲ್ಲಿ ಕಾಣಿಸುತ್ತದೆ.